ತಣ್ಣಗೆ ನಿಂತ ರೇಡಿಯೇಟರ್

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬರುವ ಹಿರಿಯರೊಬ್ಬರ ಮಗಳು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾಳೆ. ಹೋದ ಚಳಿಗಾಲದಲ್ಲಿ ಆಕೆ ಫೋನು ಮಾಡಿ, "ಅಪ್ಪಾ, ಮನೆಯೆಲ್ಲ ಬೆಚ್ಚಗಿದೆ. ನಾನು ಮಲಗುವ ಕೋಣೆಯ ರೇಡಿಯೇಟರ್ ಮಾತ್ರ ಬಿಸಿಯೇ ಆಗುವುದಿಲ್ಲ" ಎಂದಳಂತೆ. ನಲವತ್ತು ವರ್ಷ ಮುಂಬಯಿಯಲ್ಲಿ ಬೆವರು ಒರೆಸಿಕೊಂಡೇ ಗುಮಾಸ್ತಿಕೆ ಮಾಡಿದವರು ಇದಕ್ಕೇನು ಹೇಳಿಯಾರು? "ಇನ್ನೊಂದು ರಗ್ಗು ಹೊದ್ದುಕೋ ಮಗಳೆ" ಎಂದು ಹೇಳಿ, ಮರುದಿನ ನಮ್ಮನ್ನು ವಿಚಾರಿಸಿದರು. ನಮ್ಮ ಸದಸ್ಯರ ಮನೆಗಳಿಂದ ಇನ್ನೂ ಕೆಲವು ಮಕ್ಕಳು ಆ ದೇಶದಲ್ಲಿದ್ದಾರೆ. ಮಕ್ಕಳ ಮನೆಗೆಂದು ಹೋಗಿ ಚಳಿಗಾಲ ಕಳೆದು ಬರುವ ತಂದೆತಾಯಿಗಳೂ ಇದ್ದಾರೆ. ಆದುದರಿಂದ ತಿಳಿದಷ್ಟನ್ನು ಇಲ್ಲಿ ಬರೆದಿದೆ.

ಅಲ್ಲಿಯ ಬಹುಪಾಲು ಮನೆಗಳಲ್ಲಿ ಕೋಣೆಕೋಣೆಗೂ ಬೇರೆ ಬೆಂಕಿ ಹೊತ್ತಿಸುವ ಪದ್ಧತಿ ಈಗಿಲ್ಲ. ಅಡಿಗೆಮನೆಯಲ್ಲೋ ಗೋಡೆಬೀರುವಿನಲ್ಲೋ ಒಂದು ಬಾಯ್ಲರ್ ಇರುತ್ತದೆ. ಅದು ಸಾಮಾನ್ಯವಾಗಿ ಗ್ಯಾಸಿನಿಂದ ನೀರನ್ನು ಕಾಯಿಸುತ್ತದೆ. ಒಂದು ಪಂಪು ಆ ನೀರನ್ನು ಪೈಪುಗಳಲ್ಲಿ ಮನೆಯ ಸುತ್ತ ತಿರುಗಿಸುತ್ತದೆ. ಪ್ರತಿ ಕೋಣೆಯ ಗೋಡೆಗೆ ಹೊಂದಿಸಿದ ಚಪ್ಪಟೆ ಉಕ್ಕಿನ ಪೆಟ್ಟಿಗೆಯೇ ರೇಡಿಯೇಟರ್. ಬಿಸಿನೀರು ಅದರ ಒಂದು ತುದಿಯಿಂದ ಒಳಹೊಕ್ಕು, ಕೋಣೆಗೆ ಶಾಖ ಕೊಟ್ಟು, ತುಸು ತಣಿದು ಇನ್ನೊಂದು ತುದಿಯಿಂದ ಬಾಯ್ಲರಿಗೆ ಮರಳುತ್ತದೆ. ಸುತ್ತುವುದು ಅದೇ ನೀರು. ನಲ್ಲಿಯ ನೀರಿನೊಡನೆ ಬೆರೆಯುವುದಿಲ್ಲ. 1500 ವ್ಯಾಟ್ ಶಾಖ ಕೊಡುವ ರೇಡಿಯೇಟರಿನಲ್ಲಿ ನೀರು 20 ಡಿಗ್ರಿಯಷ್ಟು ತಣಿಯುವುದಾದರೆ, ನಿಮಿಷಕ್ಕೆ ಸುಮಾರು 1 ಲೀಟರ್ ನೀರು ಹರಿದರೆ ಸಾಕು. ಹರಿವು ಇಷ್ಟು ಚಿಕ್ಕದಾದ್ದರಿಂದಲೇ ಒಂದಿಷ್ಟು ಗಾಳಿಯೋ ಒಂದಿಷ್ಟು ಕೆಸರೋ ಅದನ್ನು ಕೆಡಿಸಿಬಿಡಬಲ್ಲುದು.

ಮೊದಲು ಮಾಡಬೇಕಾದುದು ಕೈಯಿಟ್ಟು ನೋಡುವುದು. ವೈದ್ಯರು ನಾಡಿ ಹಿಡಿಯುವಂತೆ ರೇಡಿಯೇಟರಿನ ಮೇಲ್ಭಾಗ, ಕೆಳಭಾಗ, ಎರಡು ತುದಿಗಳ ಪೈಪು ಇವನ್ನು ಮುಟ್ಟಿ ನೋಡಬೇಕು. ಕೆಲವು ಪೈಪುಗಳು ಕೈ ಸುಡುವಷ್ಟು ಬಿಸಿಯಾಗಿರುತ್ತವೆ; ಹಗುರವಾಗಿ ಮುಟ್ಟುವುದು ಲೇಸು. ತಣ್ಣಗಿರುವ ಜಾಗವೇ ದೋಷ ಎಲ್ಲಿದೆಯೆಂಬುದನ್ನು ಹೆಚ್ಚುಕಡಿಮೆ ಹೇಳುತ್ತದೆ.

ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಸೇರಿದೆ. ಗಾಳಿ ಮೇಲಕ್ಕೇರಿ ಕುಳಿತ ಜಾಗಕ್ಕೆ ನೀರು ಹೋಗಲಾರದು. ರೇಡಿಯೇಟರಿನ ಮೇಲ್ತುದಿಯಲ್ಲಿ ಒಂದು ಸಣ್ಣ ಚೌಕದ ತಿರುಪು ಇರುತ್ತದೆ. ಅದಕ್ಕೆ ಹೊಂದುವ ಪುಟ್ಟ ಬೀಗದಕೈ ಅಲ್ಲಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ಸಿಗುತ್ತದೆ. ಬಾಯ್ಲರನ್ನು ನಿಲ್ಲಿಸಿ, ನೀರು ಆರುವವರೆಗೆ ಕಾಯಬೇಕು. ಅನಂತರ ತಿರುಪಿನ ಕೆಳಗೆ ಹಳೆಯ ಬಟ್ಟೆ ಹಿಡಿದು, ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಬುಸ್ಸೆಂದು ಗಾಳಿ ಹೊರಡುತ್ತದೆ. ನೀರು ಬರತೊಡಗಿದ ಕೂಡಲೆ ಬಿಗಿಯಬೇಕು. ತಿರುಪನ್ನು ಪೂರ್ತಿ ಬಿಚ್ಚಬಾರದು. ಒಳಗಿನ ಕಪ್ಪು ನೀರು ಚಿಮ್ಮಿ ಬಾಡಿಗೆ ಮನೆಯ ಕಾರ್ಪೆಟ್ಟಿನ ಮೇಲೆ ಬಿದ್ದರೆ ಕಲೆ ಹೋಗುವುದು ಕಷ್ಟ. ಮೇಲೆ ಮಹಡಿಯಿದ್ದರೆ ಕೆಳಗಿನ ಕೋಣೆಗಳಿಂದ ಈ ಕೆಲಸ ಆರಂಭಿಸುವುದು ವಾಡಿಕೆ.

ಹೊರಬರುವುದು ಯಾವಾಗಲೂ ಬರಿಯ ಗಾಳಿಯಲ್ಲ. ಒಳಗಿನ ಉಕ್ಕು ನೀರಿನೊಡನೆ ತುಕ್ಕು ಹಿಡಿಯುವಾಗ ಜಲಜನಕವೂ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಆದುದರಿಂದ ಹತ್ತಿರ ಬೆಂಕಿಕಡ್ಡಿ ಗೀರಬಾರದು. ಕೆಲವು ವಾರಗಳಿಗೊಮ್ಮೆ ಮತ್ತೆ ಮತ್ತೆ ಗಾಳಿ ಬಿಡಬೇಕಾಗಿ ಬಂದರೆ ಒಳಗೆ ತುಕ್ಕು ಹೆಚ್ಚುತ್ತಿದೆ, ಇಲ್ಲವೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದು ತಿಳಿಯಬೇಕು.

ಗಾಳಿ ಬಿಟ್ಟ ಮೇಲೆ ಬಾಯ್ಲರಿನ ಒತ್ತಡದ ಮುಳ್ಳನ್ನು ನೋಡಲು ಬಹಳ ಮಂದಿ ಮರೆಯುತ್ತಾರೆ. ನೀರು ತಣ್ಣಗಿರುವಾಗ ಅದು ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸಬೇಕು. ಇಳಿದಿದ್ದರೆ ಬಾಯ್ಲರ್ ಹೊತ್ತಿಕೊಳ್ಳದೆ ನಿಲ್ಲಬಹುದು. ಒಂದು ಕೋಣೆಗೆ ಬಿಸಿ ಬರಲೆಂದು ಹೊರಟವರು ಇಡೀ ಮನೆಯನ್ನೇ ತಣ್ಣಗೆ ಮಾಡಿಕೊಳ್ಳುವುದು ಹೀಗೆ. ಬಾಯ್ಲರಿನ ಕೆಳಗಿರುವ, ಲೋಹದ ಜಾಲರಿ ಹೆಣೆದ ಸಣ್ಣ ಕೊಳವೆಯ ನಲ್ಲಿಗಳನ್ನು ಮೆಲ್ಲಗೆ ತೆರೆದು ನೀರು ತುಂಬಿಸಿ, ಮರೆಯದೆ ಮುಚ್ಚಬೇಕು.

ಇದಕ್ಕೆ ವಿರುದ್ಧವಾಗಿ ಮೇಲೆ ಬಿಸಿಯಿದ್ದು ಕೆಳಗೆ, ಅದರಲ್ಲೂ ನಡುವೆ, ತಣ್ಣಗಿದ್ದರೆ ಅಲ್ಲಿ ಕೆಸರು ಕೂತಿದೆ. ತುಕ್ಕಿನಿಂದಾದ ಕಪ್ಪು ಪುಡಿ ಅದು. ಇದು ಬೀಗದಕೈಯಿಂದ ಹೋಗುವಂಥದಲ್ಲ. ಕಸುಬಿನವರು ಬಂದು ತೊಳೆದು, ತುಕ್ಕು ತಡೆಯುವ ಔಷಧಿಯನ್ನು ನೀರಿಗೆ ಸೇರಿಸಬೇಕು.

ಒಂದೇ ರೇಡಿಯೇಟರ್ ಮೇಲಿನಿಂದ ಕೆಳಗಿನವರೆಗೆ ತಣ್ಣಗಿದ್ದು, ಉಳಿದವೆಲ್ಲ ಬಿಸಿಯಾಗಿದ್ದರೆ ವಾಲ್ವನ್ನು ಪರೀಕ್ಷಿಸಬೇಕು. 1ರಿಂದ 5ರವರೆಗೆ ಅಂಕಿ ಬರೆದ ದುಂಡನೆಯ ತಲೆ ಒಂದು ತುದಿಯಲ್ಲಿರುತ್ತದೆ. ಅದರೊಳಗಿನ ಮೇಣವೋ ದ್ರವವೋ ಕೋಣೆ ಬೆಚ್ಚಗಾದಂತೆ ಹಿಗ್ಗಿ, ಕೆಳಗಿನ ಸಣ್ಣ ಕಡ್ಡಿಯನ್ನು ಒತ್ತಿ ನೀರನ್ನು ತಡೆಯುತ್ತದೆ. ಬೇಸಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಆ ಕಡ್ಡಿ ಕೆಳಗೇ ಅಂಟಿಕೊಳ್ಳುತ್ತದೆ. ಅಂಕಿಯನ್ನು 5ಕ್ಕೆ ತಿರುಗಿಸಿ, ಬಳೆಯಂಥ ಭಾಗವನ್ನು ಸಡಿಲಿಸಿ ತಲೆಯನ್ನು ಎತ್ತಿದರೆ ಕಡ್ಡಿ ಕಾಣುತ್ತದೆ. ಅದನ್ನು ಚಪ್ಪಟೆಯಾದ ಏನಿಂದಾದರೂ ಮೆಲ್ಲಗೆ ಒತ್ತಿದರೆ ಒಳಗಿಳಿದು ತಾನೇ ಮೇಲೆ ಬರಬೇಕು. ಬಾರದಿದ್ದರೆ ಪಕ್ಕದಿಂದ ಹಗುರವಾಗಿ ತಟ್ಟಿ, ಮತ್ತೆ ಒತ್ತಿ ನೋಡಬಹುದು. ಇಕ್ಕಳ ಹಾಕಿ ಎಳೆಯಬಾರದು. ಕಡ್ಡಿ ಕಿತ್ತುಬಂದರೆ ಹಿಂದೆಯೇ ನೀರು ಚಿಮ್ಮುತ್ತದೆ. ನಮ್ಮ ಹಿರಿಯರ ಮಗಳ ಕೋಣೆಯಲ್ಲಿ ಆದದ್ದು ಇದೇ. ಫೋನಿನಲ್ಲಿ ಓದಿ ಹೇಳಿದಂತೆ ಮಾಡಿದಳು; ಹತ್ತು ನಿಮಿಷದಲ್ಲಿ ಪೈಪು ಬಿಸಿಯಾಯಿತಂತೆ. ದಪ್ಪ ಪರದೆಯೋ ಸೋಫಾವೋ ಈ ತಲೆಯನ್ನು ಮುಚ್ಚಿದ್ದರೂ ಅದು ಮೋಸಹೋಗಿ, ಕೋಣೆ ಬೆಚ್ಚಗಿದೆಯೆಂದು ಬಗೆದು ನೀರನ್ನು ನಿಲ್ಲಿಸಿಬಿಡುತ್ತದೆ.

ಬಾಯ್ಲರಿಗೆ ಹತ್ತಿರದ ಕೋಣೆಗಳು ಸುಡುತ್ತಿದ್ದು ದೂರದವು ಮಾತ್ರ ಆರಿದ್ದರೆ ನಮ್ಮವರಿಗೆ ಅದು ಹೊಸ ಕಥೆಯೇನಲ್ಲ. ನಾಲೆಯ ತಲೆಯ ಗದ್ದೆಯವರು ತೂಬನ್ನು ಪೂರ್ತಿ ತೆರೆದಿಟ್ಟರೆ ಕೊನೆಯ ಗದ್ದೆಗೆ ನೀರೆಲ್ಲಿಂದ ಬಂದೀತು? ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಪ್ಲಾಸ್ಟಿಕ್ ಟೋಪಿಯ ಕೆಳಗೆ ಅಡಗಿದ ವಾಲ್ವೇ ಇಲ್ಲಿಯ ತೂಬು. ಹತ್ತಿರದವುಗಳ ತೂಬನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಸುತ್ತ, ದೂರದವನ್ನು ತೆರೆಯುತ್ತ ಬಂದರೆ ಎಲ್ಲಕ್ಕೂ ಸಮನಾಗಿ ನೀರು ಹಂಚುತ್ತದೆ. ಪ್ರತಿ ಬಾರಿ ಎಷ್ಟು ಸುತ್ತು ತಿರುಗಿಸಿದೆವೆಂದು ಕಾಗದದಲ್ಲಿ ಗುರುತಿಟ್ಟುಕೊಳ್ಳಬೇಕು. ತಾಳ್ಮೆಯ ಕೆಲಸ, ಒಂದು ಭಾನುವಾರ ಬೇಕಾದೀತು.

ಎಲ್ಲ ರೇಡಿಯೇಟರುಗಳೂ ತಣ್ಣಗಿದ್ದರೆ ದೋಷ ಬಾಯ್ಲರಿನ ಕಡೆಯದು. ಗಡಿಯಾರ, ಥರ್ಮೋಸ್ಟಾಟ್, ಒತ್ತಡದ ಮುಳ್ಳು ಇಷ್ಟನ್ನು ನೋಡಬಹುದು. ಕಡು ಹಿಮ ಬಿದ್ದ ಬೆಳಿಗ್ಗೆ ಇನ್ನೊಂದನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸಿದ ಗ್ಯಾಸ್ ಬಾಯ್ಲರುಗಳು ಬಹುಮಟ್ಟಿಗೆ ಹೊಗೆಯ ಆವಿಯಿಂದಲೂ ಶಾಖ ಹಿಂಡುವಂಥವು. ಆ ಆವಿ ನೀರಾಗಿ ಪ್ಲಾಸ್ಟಿಕ್ ಪೈಪಿನಲ್ಲಿ ಹರಿದುಹೋಗುತ್ತದೆ. ಪೈಪು ಮನೆಯ ಹೊರಗೆ ಹಾದಿದ್ದರೆ ನೀರು ಹೆಪ್ಪುಗಟ್ಟಿ ಬಾಯ್ಲರ್ ನಿಲ್ಲಬಹುದು. ಅದರ ಮೇಲೆ ಬೆಚ್ಚನೆಯ ನೀರು ಸುರಿದರೆ ಕರಗುತ್ತದೆ. ಕುದಿಯುವ ನೀರು ಸುರಿಯಬಾರದು.

ಇದಕ್ಕಿಂತ ಮುಂದೆ ಕೈ ಹಾಕತಕ್ಕದ್ದಲ್ಲ. ಬಾಯ್ಲರಿನ ಗ್ಯಾಸಿನ ಭಾಗಗಳನ್ನು ಮುಟ್ಟುವವರು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಹೆಸರಿದ್ದವರೇ ಆಗಿರಬೇಕು. 2009ರಿಂದ ಬ್ರಿಟನ್ನಿನಲ್ಲಿ ನಡೆದುಬಂದಿರುವ ಪಟ್ಟಿ ಅದು. ಅವರ ಗುರುತಿನ ಚೀಟಿಯನ್ನು ಕೇಳಿ ನೋಡುವುದರಲ್ಲಿ ಸಂಕೋಚವಿಲ್ಲ. ಸರಿಯಾಗಿ ಉರಿಯದ ಬಾಯ್ಲರಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಸಾಯಬಹುದು. ಅದನ್ನು ಪತ್ತೆಹಚ್ಚಿ ಕೂಗುವ ಯಂತ್ರ ಮನೆಯಲ್ಲಿದೆಯೇ ಎಂದು ಮಕ್ಕಳನ್ನು ಕೇಳಿ.

ಬಾಡಿಗೆಗೆ ಇರುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ಇಂಗ್ಲೆಂಡಿನ 1985ರ ಕಾಯಿದೆಯ ಪ್ರಕಾರ, ಸಾಮಾನ್ಯ ಬಾಡಿಗೆ ಮನೆಗಳಲ್ಲಿ ಕೋಣೆ ಬಿಸಿಮಾಡುವ, ನೀರು ಕಾಯಿಸುವ ಏರ್ಪಾಡನ್ನು ದುರಸ್ತಿಯಲ್ಲಿಡುವುದು ಮನೆಯೊಡೆಯನ ಹೊಣೆ. ಆತ ಒದಗಿಸಿದ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಅದರ ದಾಖಲೆಯನ್ನು ಬಾಡಿಗೆದಾರರಿಗೆ ಕೊಡಬೇಕೆಂದು 1998ರ ನಿಯಮಗಳಿವೆ. ಹೊಸದಾಗಿ ಹೋದ ನಮ್ಮ ಮಕ್ಕಳು ದಾಕ್ಷಿಣ್ಯಕ್ಕೆ ಸಿಕ್ಕಿ ಚಳಿಯಲ್ಲಿ ನಡುಗುತ್ತಾರೆ, ಇಲ್ಲವೆ ತಮ್ಮ ಸಂಬಳದಿಂದಲೇ ರಿಪೇರಿಗೆ ಹಣ ತೆರುತ್ತಾರೆ. ಅದರ ಬದಲು, ಯಾವ ಕೋಣೆಯ ರೇಡಿಯೇಟರ್, ಯಾವ ದಿನದಿಂದ, ಯಾವ ಭಾಗ ತಣ್ಣಗಿದೆ ಎಂಬುದನ್ನು ತಾರೀಕು ಹಾಕಿ ಬರೆದು ಮನೆಯೊಡೆಯನಿಗೆ ಕಳುಹಿಸಿ, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಲಿ.