ತಾಲ್ಲೂಕು ಕಚೇರಿ: ಕೌಂಟರ್‌ನಿಂದ ಸರ್ವೆ ಕೋಣೆಯವರೆಗೆ

ಈ ತಾಲ್ಲೂಕು ಕಚೇರಿಯ ಕೆಲಸ ಗೇಟಿನ ಹೊರಗೇ ಶುರುವಾಗುತ್ತದೆ. ಜೆರಾಕ್ಸ್ ಅಂಗಡಿಗಳು, ಆನ್‌ಲೈನ್ ಸೆಂಟರ್, ಛತ್ರಿ ನೆರಳಲ್ಲಿ ಅರ್ಜಿ ಬರೆಯುವವರ ಮೇಜುಗಳು. ಹತ್ತಿರ ಹೋದರೆ ಮೊದಲ ಪ್ರಶ್ನೆ, "ಪಹಣಿನಾ, ಪೌತಿನಾ?" ಪಹಣಿ ಎಂದೆ. "ಒಳಗೇ ಸಿಗ್ತದೆ, ಹೋಗಿ" ಎಂದು ಮುಖ ತಿರುಗಿಸಿದರು. ನನ್ನ ಹಿಂದೆ ಬಂದ ರೈತರೊಬ್ಬರು ಪೋಡಿ ಎಂದ ಕೂಡಲೇ ಅವರನ್ನು ಕುರ್ಚಿ ಸರಿಸಿ ಕೂರಿಸಿಕೊಂಡರು. ಈ ವ್ಯತ್ಯಾಸ ಯಾಕೆಂದು ಆಗ ಹೊಳೆಯಲಿಲ್ಲ.

ಒಳಗೆ ಬಲಕ್ಕೆ ಭೂಮಿ ಕೌಂಟರ್. ಸರ್ವೆ ನಂಬರ್ ಹೇಳಿ, ಶುಲ್ಕ ಕೊಟ್ಟರೆ ಪಹಣಿ ಮುದ್ರಣವಾಗಿ ಬರುತ್ತದೆ. ಕಿಂಡಿಯ ಕಡೆ ತಿರುಗಿಸಿಟ್ಟ ಇನ್ನೊಂದು ಪರದೆಯಲ್ಲಿ ಒಳಗಿನವರಿಗೆ ಕಾಣುವುದೇ ನಮಗೂ ಕಾಣುತ್ತದೆ. ಅಜ್ಜಿಯೊಬ್ಬರು ಹಾಳೆ ಕೈಗೆ ಬಂದೊಡನೆ 9ನೇ ಕಾಲಂ ಮೇಲೆ ಬೆರಳಿಟ್ಟು ಮಗನ ಹೆಸರು ಓದಿಸಿಕೊಂಡರು. ಮಾಲೀಕರ ಹೆಸರು ಬರುವುದು ಅಲ್ಲಿಯೇ. 11ನೇ ಕಾಲಂನಲ್ಲಿ ಬ್ಯಾಂಕ್ ಸಾಲದ ಸಾಲೊಂದು ಇತ್ತು. ಅದು ತೀರಿದ್ದೋ ಬಾಕಿಯೋ, ನನಗೆ ತಿಳಿಯಲಿಲ್ಲ.

ಭೂಮಿ ಯೋಜನೆ ಬರುವ ಮೊದಲು ಈ ಹಾಳೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಅವರು ಸಿಕ್ಕಾಗ ಸಿಕ್ಕಂತೆ, ಕೇಳಿದಷ್ಟು ಕೊಟ್ಟು ರೈತ ಅದನ್ನು ಪಡೆಯಬೇಕಿತ್ತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಆಗ ನಿಗದಿಯಾದ ಶುಲ್ಕ 15 ರೂಪಾಯಿ. ಎಲ್ಲರಿಗೂ ಒಂದೇ ದರ, ಚೌಕಾಸಿಯ ಮಾತೇ ಇಲ್ಲ.

ಕೌಂಟರ್ ದಾಟಿದರೆ ಖಾತೆ ಬದಲಾವಣೆಯ ವಿಭಾಗ. ಸಿಬ್ಬಂದಿ ಸಣ್ಣ ಯಂತ್ರದ ಮೇಲೆ ಬೆರಳೊತ್ತಿ ಕಂಪ್ಯೂಟರ್ ತೆರೆದರು. ಯಾವ ನಮೂದನ್ನು ಯಾರು ಮಾಡಿದರೆಂಬುದು ಹೀಗೆ ದಾಖಲಾಗುತ್ತದೆ. ಕ್ರಯಪತ್ರ ನೋಂದಣಿಯಾದರೆ ಉಪನೋಂದಣಿ ಕಚೇರಿಯ ಕಾವೇರಿ ತಂತ್ರಾಂಶದಿಂದ ಆ ಮಾಹಿತಿಯ ಜೆ ಸ್ಲಿಪ್ ಇಲ್ಲಿಗೆ ತಾನಾಗಿಯೇ ಬರುತ್ತದೆ. ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ನಿನ್ನೆಯ ಕಡತವನ್ನು ಮೇಲಕ್ಕೆ ತಂದು, ಕಳೆದ ತಿಂಗಳದ್ದನ್ನು ಕೆಳಗೆ ತಳ್ಳುವುದು ಸುಲಭವಲ್ಲ.

ಪಕ್ಕದ ಗೋಡೆಗೆ ಸಕಾಲದ ಫಲಕ: ಯಾವ ಸೇವೆ, ಎಷ್ಟು ದಿನ, ಮೇಲ್ಮನವಿ ಯಾರಿಗೆ. 2011ರ ಸಕಾಲ ಕಾಯ್ದೆಯ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಫಲಕದ ಕೆಳಗೆ ನಿಂತಿದ್ದವರ ಕೈಯಲ್ಲಿ 'ದಾಖಲೆ ಅಪೂರ್ಣ' ಎಂಬ ಹಿಂಬರಹವಿತ್ತು. ತಿರಸ್ಕರಿಸಿದರೂ ಅರ್ಜಿ ವಿಲೇವಾರಿಯಾದಂತೆಯೇ; ಗಡುವು ಮೀರುವುದಿಲ್ಲ. ಇವರ ದಾಖಲೆ ನಿಜಕ್ಕೂ ಅಪೂರ್ಣವಾಗಿತ್ತೇ? ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಹಿಂಬದಿಯ ಕೊನೆಯ ಕೋಣೆ ಸರ್ವೆ ವಿಭಾಗ. ಬೆಂಚು ತುಂಬಿತ್ತು, ಪರದೆಯ ಮುಂದಿನಷ್ಟು ಸಲೀಸಾಗಿ ಇಲ್ಲಿ ಸಾಲು ಕರಗುತ್ತಿರಲಿಲ್ಲ. ಮೋಜಿಣಿ ತಂತ್ರಾಂಶದಲ್ಲಿ ಅರ್ಜಿಗೂ ಸಂಖ್ಯೆ ಇದೆ, ಸರದಿಯೂ ಇದೆ. ಆದರೆ ಜಮೀನನ್ನು ಅಳೆದು ಭಾಗ ಮಾಡುವ ಪೋಡಿಗೆ ಭೂಮಾಪಕರು ಹೊಲಕ್ಕೆ ಹೋಗಬೇಕು, ಬದುವಿನ ಮೇಲೆ ನಿಂತು ಗಡಿ ಹೇಳಬೇಕು, ಅಕ್ಕಪಕ್ಕದವರ ತಕರಾರು ಕೇಳಬೇಕು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೂ ಹಾಗೆಯೇ: ವಂಶವೃಕ್ಷ ಸರಿಯೆಂದು ಯಾರೋ ಒಬ್ಬರು ಒಪ್ಪಬೇಕು. ಗೇಟಿನ ಹೊರಗಿನ ಮೇಜಿನವರು ಪಹಣಿಗೆ ಮುಖ ತಿರುಗಿಸಿ ಪೋಡಿಗೆ ಕುರ್ಚಿ ಸರಿಸಿದ್ದು ಯಾಕೆಂದು ಇಲ್ಲಿ ಅರ್ಥವಾಯಿತು.

ಈ ಕಚೇರಿ ಸುತ್ತಿ ನನಗನ್ನಿಸಿದ್ದು ಇಷ್ಟು: ಕಾಗದ ಕೊಡುವ ಕೈಯನ್ನು ಕಂಪ್ಯೂಟರ್ ಕಟ್ಟಿಹಾಕಿದೆ, ತೀರ್ಮಾನ ಮಾಡುವ ಕೈಯನ್ನು ಇನ್ನೂ ಕಟ್ಟಿಲ್ಲ. ಹಾಗಾಗಿ ಪಹಣಿಗೆ ಕೌಂಟರ್ ಶುಲ್ಕ ಬಿಟ್ಟು ಯಾರ ಕೈಗೂ ದುಡ್ಡು ಕೊಡಬೇಡಿ. ಬೇರೆ ಕೆಲಸಕ್ಕೆ ಹೋದರೆ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದನ್ನು ಹಿಡಿದು ಮೇಲ್ಮನವಿ ಹಾಕಿ. ಎರಡೂ ನಿಮ್ಮ ಹಕ್ಕು.