ಕ್ರಯಪತ್ರ: ಭಾಷೆಯ ಪರಂಪರೆ ಮತ್ತು ಸ್ವಾಮ್ಯದ ಹಸ್ತಾಂತರ

ಭೂಮಿಯ ಒಡೆತನವು ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲುವ ಕ್ರಮವನ್ನು ಕನ್ನಡ ಶಾಸನಗಳು ವಿಸ್ತಾರವಾಗಿಯೇ ನಿರೂಪಿಸುತ್ತವೆ. ನೆಲದ ಚತುಸ್ಸೀಮೆ, ಧಾರಾಪೂರ್ವಕವಾಗಿ ಕೊಟ್ಟ ಸಂಗತಿ, ಸಾಕ್ಷಿಗಳ ಹೆಸರು ಮೊದಲಾದವು ವಿಜಯನಗರ ಕಾಲದ ಶಾಸನಗಳಲ್ಲಿ ಸಾಮಾನ್ಯ. ಇವುಗಳ ನಡುವೆ ಬರುವ ‘ಅಷ್ಟಭೋಗ ತೇಜಸ್ವಾಮ್ಯ’ವೆಂಬ ಮಾತು ಗಮನಾರ್ಹವಾದುದು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳಲ್ಲಿ ಈಗಿನ ಹುಟ್ಟುವಳಿಯಷ್ಟೇ ಅಲ್ಲದೆ ಮುಂದೆ ಒದಗಬಹುದಾದ ಲಾಭವೂ ಅಡಕವಾಗಿದೆ.

ಈ ಪದಾವಳಿ ಅಳಿದಿಲ್ಲ. ‘ಬರೆದುಕೊಟ್ಟ ಶುದ್ಧ ಕ್ರಯಪತ್ರದ ಕ್ರಮವೇನೆಂದರೆ’ ಎಂದು ಆರಂಭವಾಗುವ ಪತ್ರಗಳಲ್ಲಿ ಚತುಸ್ಸೀಮೆಯು ಚೆಕ್ಕುಬಂದಿಯಾಗಿದೆ. ನಿಧಿ ನಿಕ್ಷೇಪಗಳು ಎಷ್ಟೋ ಪತ್ರಗಳಲ್ಲಿ ಹಾಗೆಯೇ ಉಳಿದಿವೆ. ನೆಲದಡಿ ದೊರೆಯುವ ನಿಧಿಗೆ ಪ್ರತ್ಯೇಕ ಕಾನೂನೇ ಇರುವುದರಿಂದ ಆ ಮಾತಿಗೆ ಅಲಂಕಾರಕ್ಕಿಂತ ಹೆಚ್ಚಿನ ಬೆಲೆಯಿಲ್ಲವೆನ್ನಬೇಕು.

ಬದಲಾದದ್ದು ಸ್ವಾಮ್ಯವು ದಾಟುವ ಗಳಿಗೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಪ್ರಕರಣದಂತೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗತಕ್ಕದ್ದು. ಕ್ರಯದ ಕರಾರು ತಾನಾಗಿಯೇ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲವೆಂದೂ ಅದೇ ಪ್ರಕರಣ ಹೇಳುತ್ತದೆ. ಹಣ ಪೂರ್ತಿ ಸಂದಿರಬಹುದು, ಸ್ವಾಧೀನವೂ ದೊರೆತಿರಬಹುದು. ಒಡೆತನ ಮಾತ್ರ ಮಾರುವವನಲ್ಲಿಯೇ ಉಳಿದಿರುತ್ತದೆ. ಕರಾರಿನ ಬಲದಿಂದ ಪಡೆದ ಸ್ವಾಧೀನವನ್ನು 53ಎ ಪ್ರಕರಣ ರಕ್ಷಿಸುತ್ತದೆಯಾದರೂ, 2001ರ ತಿದ್ದುಪಡಿಯ ನಂತರ ಆ ಕರಾರೂ ನೋಂದಣಿಯಾಗಿರಬೇಕು.

ನಗರಗಳ ಅಂಚಿನಲ್ಲಿ ನಿವೇಶನ ಕೊಂಡ ಅನೇಕರ ಸಂಕಷ್ಟದ ಮೂಲ ಇಲ್ಲಿದೆ. ಕ್ರಯಪತ್ರದ ಬದಲಿಗೆ ಕರಾರುಪತ್ರ ಹಾಗೂ ಸಾಮಾನ್ಯ ಮುಖ್ತಿಯಾರು ಪತ್ರವನ್ನು ಪಡೆದು ಮನೆ ಕಟ್ಟಿದವರುಂಟು. ಮುಖ್ತಿಯಾರು ಎಂಬುದು ಪ್ರತಿನಿಧಿಯ ಅಧಿಕಾರ. ಕೊಟ್ಟವನು ತೀರಿಕೊಂಡರೆ ಅದು ಸಾಮಾನ್ಯವಾಗಿ ಕೊನೆಗೊಳ್ಳುತ್ತದೆ, ಆಗ ಅವನ ವಾರಸುದಾರರು ಹಕ್ಕು ಸಾಧಿಸಲು ಮುಂದಾಗಬಹುದು. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ, ಇಂತಹ ಪತ್ರಗಳಿಂದ ಸ್ವಾಮ್ಯ ವರ್ಗವಾಗದೆಂದು ಸ್ಪಷ್ಟಪಡಿಸಿತು.

ಖಾತೆ, ಪಹಣಿಗಳ ಬಗೆಗಿನ ನಂಬಿಕೆಯೂ ಇಂಥದೇ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದಂತೆ ಪಹಣಿಯ ನಮೂದು ಸತ್ಯವೆಂಬ ಪೂರ್ವಭಾವನೆಯಿದೆ. ವಿರುದ್ಧ ಪುರಾವೆಯಿಂದ ಅದನ್ನು ಅಲ್ಲಗಳೆಯಬಹುದು. ಕಂದಾಯ ಯಾರಿಂದ ಬರಬೇಕೆಂಬುದನ್ನು ಗುರುತಿಸುವುದು ಆ ದಾಖಲೆಯ ಮುಖ್ಯ ಕೆಲಸ. ಆದ್ದರಿಂದಲೇ ಕೊಳ್ಳುವವರು ಪಹಣಿಯೊಂದನ್ನೇ ನಂಬದೆ, ಋಣಭಾರ ಪ್ರಮಾಣಪತ್ರದೊಡನೆ ಮಾರುವವನಿಗೆ ಆ ನೆಲ ಬಂದ ಬಗೆಯನ್ನು ತಿಳಿಸುವ ಮೂಲಪತ್ರಗಳನ್ನು, ವಿಭಾಗಪತ್ರ ಹಾಗೂ ವಂಶವೃಕ್ಷ ಸಹಿತವಾಗಿ, ಒಂದೊಂದಾಗಿ ಹಿಂದಕ್ಕೆ ಓದಿ ನೋಡಬೇಕಾಗುತ್ತದೆ.