ಜೇನುತುಪ್ಪದಲ್ಲಿ ಉಳಿಯುವ ಬೂದಿ

ಜೇನುತುಪ್ಪವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟರೆ ನೀರು ಆರಿ, ಸಕ್ಕರೆ ಉರಿದು, ಕೊನೆಗೆ ಉಳಿಯುವುದು ಚಿಟಿಕೆ ಬೂದಿ. ಹೂವಿನ ಜೇನಿನಲ್ಲಿ ಅದು 100 ಗ್ರಾಂಗೆ ಸಾಮಾನ್ಯವಾಗಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಖನಿಜಗಳೆಲ್ಲ ಇರುವುದು ಅದರಲ್ಲೇ. ದೊಡ್ಡ ಪಾಲು ಪೊಟ್ಯಾಸಿಯಂ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅದಕ್ಕಿಂತ ಕಡಿಮೆ. ಕಬ್ಬಿಣ, ಸತು, ತಾಮ್ರ ಲೇಶಮಾತ್ರ. ಕಪ್ಪು ಬಣ್ಣದ ಜೇನಿನಲ್ಲಿ ಸಾಮಾನ್ಯವಾಗಿ ಖನಿಜ ಹೆಚ್ಚು.

ರಕ್ತ ಹೆಚ್ಚಲೆಂದು ಜೇನು ತಿನ್ನುವವರು ಒಂದು ಲೆಕ್ಕ ನೋಡಬೇಕು. 100 ಗ್ರಾಂ ಜೇನಿನಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂಗೂ ಕಡಿಮೆ, ಕ್ಯಾಲ್ಸಿಯಂ 6 ಮಿಲಿಗ್ರಾಂ ಆಸುಪಾಸು. ಅಷ್ಟೇ ತೂಕದ ರಾಗಿಯಲ್ಲಿ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ, ಕ್ಯಾಲ್ಸಿಯಂ 360 ಮಿಲಿಗ್ರಾಂ ದಾಟುತ್ತದೆ. ಕೋಲಾರದವರಿಗೆ ಖನಿಜ ಬೇಕೆಂದರೆ ರಾಗಿ ಮುದ್ದೆಯೇ ಸಾಕು, ಜೇನು ರುಚಿಗಿರಲಿ.

ಹಾಗಿದ್ದೂ ಈ ಲೇಶಮಾತ್ರದ ಲೋಹಗಳನ್ನು ಅಳೆಯಬೇಕು ಎನ್ನುತ್ತೇನೆ. ಜೇನುನೊಣ ಗೂಡಿನಿಂದ ಎರಡು ಮೂರು ಕಿಲೊಮೀಟರ್ ಸುತ್ತಿ ಮಕರಂದ, ಪರಾಗ, ನೀರು ತರುತ್ತದೆ. ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಟೊಮೆಟೊ ಹೊಲ, ಮಾಲೂರಿನ ಕೈಗಾರಿಕಾ ಪ್ರದೇಶ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ತುಂಬುತ್ತಿರುವ ಕೋಲಾರದ ಕೆರೆಗಳು: ಒಂದೊಂದು ಕಡೆಯ ಮಣ್ಣು, ನೀರು, ದೂಳು ಒಂದೊಂದು ಬಗೆ. ಸೀಸ, ಕ್ಯಾಡ್ಮಿಯಂ ಎಲ್ಲಾದರೂ ಹೆಚ್ಚಿದ್ದರೆ ಅದರ ಸುಳಿವು ಜೇನಿನಲ್ಲೂ, ಅದಕ್ಕಿಂತ ಹೆಚ್ಚಾಗಿ ಪರಾಗದಲ್ಲೂ ನೊಣದ ಮೈಯಲ್ಲೂ ಸಿಗಬಹುದು. ಯುರೋಪ್ ಒಕ್ಕೂಟ ಜೇನಿನಲ್ಲಿ ಸೀಸಕ್ಕೆ ಇಟ್ಟಿರುವ ಮಿತಿ ಕಿಲೊಗೆ 0.1 ಮಿಲಿಗ್ರಾಂ. ಈ ತಾಲ್ಲೂಕುಗಳ ಜೇನನ್ನು ಹಂಗಾಮಿಗೊಮ್ಮೆ ತಪಾಸಣೆ ಮಾಡಿಸಿದರೆ ರೈತರಿಗೂ ಗಿರಾಕಿಗಳಿಗೂ ಒಳ್ಳೆಯದು.

ಲೋಹ ಸೇರುವ ಇನ್ನೊಂದು ದಾರಿ ಹೂವಿನದಲ್ಲ, ಪಾತ್ರೆಯದು. ಜೇನು ಸಿಹಿಯಾದರೂ ಆಮ್ಲ. ಅದರ ಪಿಎಚ್ 4ರ ಆಸುಪಾಸು. ತುಕ್ಕು ಹಿಡಿದ ಡಬ್ಬ, ಸತು ಲೇಪದ ಬಕೆಟ್, ತಾಮ್ರದ ಚೊಂಬಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಲೋಹ ಕರಗಿ ಜೇನಿಗಿಳಿಯುತ್ತದೆ. ಬೆಳೆಗೆ ಹೊಡೆಯುವ ಔಷಧಿ ತುಂಬಿದ್ದ ಕ್ಯಾನನ್ನು ತೊಳೆದು ಬಳಸುವುದಂತೂ ಬೇಡವೇ ಬೇಡ. ಗಾಜು, ಸ್ಟೇನ್‌ಲೆಸ್ ಸ್ಟೀಲ್, ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಸರಿ. ಹೆಜ್ಜೇನಾಗಲಿ ತುಡುವೆ ಜೇನಾಗಲಿ, ಕೊಳ್ಳುವಾಗ ಯಾವುದರಲ್ಲಿ ತುಂಬಿಟ್ಟಿದ್ದರು ಎಂದು ಕೇಳಿ.

ಲೋಹವಲ್ಲದೆ ಇನ್ನೊಂದು ಎಚ್ಚರಿಕೆಯೂ ಬೇಕು. ಎಷ್ಟೇ ಶುದ್ಧವಾದ ಜೇನಿನಲ್ಲೂ ಕ್ಲಾಸ್ಟ್ರಿಡಿಯಂ ಬಾಟುಲಿನಂ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ದೊಡ್ಡವರ ಹೊಟ್ಟೆ ಅವನ್ನು ತಡೆದುಕೊಳ್ಳುತ್ತದೆ, ಎಳೆಗೂಸಿನ ಕರುಳು ತಡೆಯದು. ಒಂದು ವರ್ಷ ತುಂಬುವವರೆಗೆ ಮಗುವಿನ ನಾಲಿಗೆಗೆ ಜೇನು ಸವರಬೇಡಿ.